ತೂಕದ ಫೈಲಿಗೆ ನುಗ್ಗುವ 13: ಟೆಕ್ಸ್ಟ್ ಮೋಡ್ ಯಾವಾಗ, ಬೈನರಿ ಮೋಡ್ ಯಾವಾಗ

ದಾವಣಗೆರೆ ಎಪಿಎಂಸಿ ಸುತ್ತಮುತ್ತಲಿನ ವೇಬ್ರಿಡ್ಜ್‌ಗಳಿಗೆ, ದಲಾಲಿ ಅಂಗಡಿಗಳಿಗೆ ಪ್ರೋಗ್ರಾಂ ಬರೆದುಕೊಡುವುದು ನನ್ನ ಕಸುಬು. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಲಾರಿ, ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಲೋಡ್ ತೂಕ, ಖಾಲಿ ತೂಕ, ಚೀಟಿ, ರೈತರ ಲೆಕ್ಕಪಟ್ಟಿ ಎಲ್ಲಕ್ಕೂ ಹಿಂದೆ ಒಂದು ಫೈಲ್ ಇರುತ್ತದೆ. ಆ ಫೈಲು ಇದ್ದಲ್ಲೇ ಇರುವುದೂ ಇಲ್ಲ. ವೇಬ್ರಿಡ್ಜ್ ಕೋಣೆಯ ಹಳೇ ವಿಂಡೋಸ್ ಯಂತ್ರದಿಂದ ಹೊರಟು ಅಂಗಡಿ ಗುಮಾಸ್ತರ ಎಕ್ಸೆಲ್‌ಗೆ ಹೋಗುತ್ತದೆ, ಅಲ್ಲಿಂದ ಲಿನಕ್ಸ್ ಸರ್ವರ್‌ಗೆ, ಕೊನೆಗೆ ಮಾಲೀಕರ ಮೊಬೈಲಿಗೆ. ಹೀಗೆ ತಿರುಗುವ ಫೈಲನ್ನು ಯಾವ ಮೋಡ್‌ನಲ್ಲಿ ತೆರೆಯುತ್ತಿದ್ದೇವೆ ಎಂಬುದನ್ನು ತೆರೆಯುವ ಸಾಲಿನಲ್ಲೇ ಬಾಯಿಬಿಟ್ಟು ಹೇಳಬೇಕು. ಹೇಳದೇ ಬಿಟ್ಟರೆ ಯಂತ್ರ ತನ್ನ ರೂಢಿಯಂತೆ ನಡೆಯುತ್ತದೆ, ಒಂದು ಯಂತ್ರದ ರೂಢಿ ಇನ್ನೊಂದಕ್ಕಿಲ್ಲ. ನನ್ನ ಜೊತೆ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಮೊದಲ ವಾರವೇ ಹೇಳಿಕೊಡುವ ಪಾಠ ಇದು.

ಕೋಡಿನಲ್ಲಿ ಬರುವ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಟೈಪ್ ಮಾಡುವಾಗ ಅವನ್ನೇ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ.

ಸಾಲಿನ ಕೊನೆಯಲ್ಲಿ ಇರುವುದೇನು

ಪರದೆಯ ಮೇಲೆ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವುದು ಕಾಣುತ್ತದೆ. ಫೈಲಿನೊಳಗೆ ಸಾಲುಗಳಿಲ್ಲ, ಒಂದರ ಹಿಂದೊಂದು ಬೈಟ್‌ಗಳಷ್ಟೇ, ಅಂದರೆ 0ರಿಂದ 255ರೊಳಗಿನ ಸಂಖ್ಯೆಗಳು. ಅಕ್ಷರಗಳಿಗೆ ಸಂಖ್ಯೆ ಗೊತ್ತುಮಾಡಿದ ಆಸ್ಕಿ ಕೋಷ್ಟಕದಲ್ಲಿ 10 ಲೈನ್ ಫೀಡ್, 13 ಕ್ಯಾರೇಜ್ ರಿಟರ್ನ್. ಟೆಲಿಪ್ರಿಂಟರ್ ಕಾಲದಲ್ಲಿ ಇವೆರಡೂ ಬೇರೆ ಬೇರೆ ಚಲನೆ: 13 ಬಂದರೆ ಅಚ್ಚೊತ್ತುವ ತಲೆ ಎಡತುದಿಗೆ ವಾಪಸ್ಸು, 10 ಬಂದರೆ ಕಾಗದ ಒಂದು ಸಾಲಿನಷ್ಟು ಮೇಲಕ್ಕೆ. ಯುನಿಕ್ಸ್‌ನವರು 10 ಒಂದೇ ಸಾಕೆಂದರು. ಲಿನಕ್ಸ್, ಆಂಡ್ರಾಯ್ಡ್, ಇಂದಿನ ಮ್ಯಾಕ್ ಆ ದಾರಿಯಲ್ಲಿವೆ. ಸಿಪಿ/ಎಂ ಎಂಬ ಹಳೇ ಆಪರೇಟಿಂಗ್ ಸಿಸ್ಟಂನ ಪದ್ಧತಿಯನ್ನೇ ಹಿಡಿದ ಡಾಸ್, ಅದರ ಹಿಂದೆ ಬಂದ ವಿಂಡೋಸ್, 13 ಮತ್ತು 10 ಎರಡನ್ನೂ ಜೋಡಿಯಾಗಿ ಇಡುತ್ತವೆ. ಹಳೇ ಮ್ಯಾಕ್‌ಗಳು, ಅಂದರೆ ಮ್ಯಾಕ್ ಓಎಸ್ 9ರವರೆಗೆ, ಬರೀ 13 ಇಡುತ್ತಿದ್ದವು.

ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ಸಾಲಿನ ಕೊನೆ ಎಂದರೆ ಒಂದೇ ಅಕ್ಷರ, ಬ್ಯಾಕ್‌ಸ್ಲ್ಯಾಷ್ ಎನ್, ಅಂದರೆ 10. ವಿಂಡೋಸ್‌ನಲ್ಲಿ ಫೈಲಿನೊಳಗೆ ಎರಡು ಬೈಟ್ ಇರಬೇಕು, ಪ್ರೋಗ್ರಾಮಿಗೆ ಒಂದೇ ಕಾಣಬೇಕು. ಈ ಎರಡರ ನಡುವೆ ಸಿ ಲೈಬ್ರರಿ ಮಾಡುವ ಅನುವಾದಕ್ಕೇ ಟೆಕ್ಸ್ಟ್ ಮೋಡ್ ಎಂದು ಹೆಸರು. ಬರೆಯುವಾಗ ಪ್ರತಿ 10ರ ಮುಂದೆ ಒಂದು 13 ಸೇರಿಸುತ್ತದೆ. ಓದುವಾಗ 13, 10 ಜೋಡಿ ಸಿಕ್ಕರೆ 13 ಅನ್ನು ತೆಗೆದು 10 ಮಾತ್ರ ಕೊಡುತ್ತದೆ. ಬೈನರಿ ಮೋಡ್‌ನಲ್ಲಿ ಈ ಅನುವಾದ ಇಲ್ಲ. ಇದ್ದ ಬೈಟ್ ಇದ್ದ ಹಾಗೆ ಹೋಗುತ್ತದೆ, ಇದ್ದ ಹಾಗೆ ಬರುತ್ತದೆ.

ಫೈಲ್ ತೆರೆಯುವ ಎಫ್‌ಓಪನ್ ಕರೆಯುವಾಗ "ಆರ್" ಅಥವಾ "ಡಬ್ಲ್ಯೂ" ಎಂದಷ್ಟೇ ಬರೆದರೆ ಟೆಕ್ಸ್ಟ್ ಮೋಡ್. "ಆರ್‌ಬಿ", "ಡಬ್ಲ್ಯೂಬಿ" ಎಂದರೆ ಬೈನರಿ. ಲಿನಕ್ಸ್‌ನಲ್ಲಿ ಆ "ಬಿ" ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಯಾವ ವ್ಯತ್ಯಾಸವೂ ಆಗುವುದಿಲ್ಲ. ಹಾಗಾಗಿ ಲಿನಕ್ಸ್‌ನಲ್ಲೇ ಕಲಿತವರು ಅದನ್ನು ಬಿಟ್ಟುಬಿಡುತ್ತಾರೆ, ಅವರ ಪ್ರೋಗ್ರಾಂ ವಿಂಡೋಸ್‌ಗೆ ಹೋದ ದಿನ ತೊಂದರೆ ಶುರುವಾಗುತ್ತದೆ. ಅಗತ್ಯ ಕಾಣದ ಯಂತ್ರದಲ್ಲೂ "ಬಿ" ಬರೆಯುವ ಅಭ್ಯಾಸ ಮಾಡಿಕೊಳ್ಳಿ.

10,250 ಕೆಜಿಯ ಲಾರಿ

ತೂಕವನ್ನು ನಾಲ್ಕು ಬೈಟ್‌ಗಳ ಪೂರ್ಣಾಂಕವಾಗಿ, ಚಿಕ್ಕ ಬೈಟ್ ಮೊದಲು ಬರುವಂತೆ ಇಡುತ್ತಿದ್ದೇವೆ ಎಂದುಕೊಳ್ಳಿ. ನಮ್ಮ ಮಾಮೂಲಿ ಕಂಪ್ಯೂಟರ್‌ಗಳಲ್ಲಿ ಕ್ರಮ ಇದೇ. 10,250 ಅನ್ನು 256ರಿಂದ ಭಾಗಿಸಿದರೆ ಭಾಗಲಬ್ಧ 40, ಶೇಷ 10. ಹಾಗಾಗಿ ಫೈಲಿಗೆ ಹೋಗಬೇಕಾದ ಬೈಟ್‌ಗಳು 10, 40, 0, 0. ಮೊದಲನೆಯದು 10. ಇದು ತೂಕದ ಒಂದು ಭಾಗ, ಸಾಲಿನ ಕೊನೆಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಟೆಕ್ಸ್ಟ್ ಮೋಡ್‌ನಲ್ಲಿರುವ ಲೈಬ್ರರಿಗೆ ಅದು ತಿಳಿಯುವುದು ಹೇಗೆ? ಅದು ತನ್ನ ಕೆಲಸ ಮಾಡುತ್ತದೆ, 10ರ ಮುಂದೆ 13 ಸೇರಿಸುತ್ತದೆ. ಫೈಲಿನಲ್ಲಿ ಈಗ 13, 10, 40, 0, 0 ಎಂದು ಐದು ಬೈಟ್.

ಈ ಫೈಲನ್ನು ಲಿನಕ್ಸ್ ಸರ್ವರ್ ಓದಿದಾಗ ಮೊದಲ ನಾಲ್ಕು ಬೈಟ್ ತೆಗೆದುಕೊಳ್ಳುತ್ತದೆ: 13, 10, 40, 0. ಲೆಕ್ಕ ಹಾಕಿ: 13, ಅದಕ್ಕೆ 10 ಗುಣಿಸು 256, ಅದಕ್ಕೆ 40 ಗುಣಿಸು 65,536. ಬರುವುದು 26,24,013. ಹತ್ತು ಟನ್ನಿನ ಗಾಡಿ ಎರಡೂವರೆ ಸಾವಿರ ಟನ್ ದಾಟಿತು. ಉಳಿದ ಒಂದು ಸೊನ್ನೆ ಮುಂದಿನ ಗಾಡಿಯ ತಲೆಗೆ ಅಂಟಿಕೊಂಡಿತು. ಅಂಗಿಯ ಒಂದು ಗುಂಡಿ ತಪ್ಪಿ ಹಾಕಿದರೆ ಕೆಳಗಿನದೆಲ್ಲ ತಪ್ಪುವ ಹಾಗೆ, ಅಲ್ಲಿಂದ ಆಚೆಗೆ ಒಂದು ತೂಕವೂ ಸರಿ ಬರುವುದಿಲ್ಲ.

ಇಷ್ಟು ದೊಡ್ಡ ತಪ್ಪು ವೇಬ್ರಿಡ್ಜ್ ಕೋಣೆಯಲ್ಲೇ ಏಕೆ ಕಾಣುವುದಿಲ್ಲ ಎಂದು ಕೇಳಬೇಕು. ಅಲ್ಲಿ ಬರೆಯುವುದೂ ಟೆಕ್ಸ್ಟ್ ಮೋಡ್, ಓದುವುದೂ ಟೆಕ್ಸ್ಟ್ ಮೋಡ್. ಸೇರಿಸಿದ 13 ಓದುವಾಗ ತಾನೇ ಹೋಗಿಬಿಡುತ್ತದೆ. ಆಪರೇಟರ್‌ಗೆ 10,250 ಎಂದೇ ಕಾಣುತ್ತದೆ, ಚೀಟಿಯೂ ಸರಿಯಾಗಿ ಬರುತ್ತದೆ. ಫೈಲು ಯಂತ್ರ ಬದಲಿಸಿದಾಗ, ಇಲ್ಲವೇ ಬೇರೆ ಭಾಷೆಯ ಪ್ರೋಗ್ರಾಂ ಅದನ್ನು ಮುಟ್ಟಿದಾಗ ಮಾತ್ರ ಬಯಲಾಗುತ್ತದೆ. ಅಷ್ಟರೊಳಗೆ ಸುಗ್ಗಿಯೇ ಮುಗಿದಿರಬಹುದು. "ನಮ್ಮಲ್ಲಿ ಸರಿ ಓಡ್ತೈತಲ್ಲ" ಎಂಬ ಮಾತನ್ನು ಈ ವಿಷಯದಲ್ಲಿ ನಾನು ಪುರಾವೆ ಎಂದು ಒಪ್ಪುವುದಿಲ್ಲ. ಫೈಲಿನ ಗಾತ್ರ ನೋಡಿ. ಒಂದು ದಾಖಲೆಗೆ ನಾಲ್ಕು ಬೈಟ್ ಇದ್ದರೆ ಗಾತ್ರ ನಾಲ್ಕರಿಂದ ಶೇಷವಿಲ್ಲದೆ ಭಾಗವಾಗಬೇಕು, ಭಾಗಲಬ್ಧ ಆ ದಿನದ ತೂಕದ ಎಣಿಕೆಗೆ ಸಮ ಇರಬೇಕು. ಕ್ಯಾಲ್ಕ್ಯುಲೇಟರ್ ಇದ್ದರೆ ಸಾಕು.

ಓದುವ ಕಡೆ ಇನ್ನೊಂದು ಅಪಾಯ ಇದೆ, ಇದು ಇನ್ನೂ ಕೆಟ್ಟದ್ದು. ಹರಿಹರ ರಸ್ತೆಯ ವೇಬ್ರಿಡ್ಜ್ ಒಂದರ ಮಾಲೀಕರು ಒಮ್ಮೆ ಫೋನ್ ಮಾಡಿದ್ದರು: "ಅಕ್ಕಾ, ಮಧ್ಯಾಹ್ನದ ಮ್ಯಾಲಿನ ಗಾಡಿ ಒಂದೂ ಕಾಣ್ತಿಲ್ಲ. ಚೀಟಿ ಎಲ್ಲಾ ನನ್ನ ಕೈಯಾಗೇ ಐತೆ." ಬೇರೆಯವರು ಬರೆದ ಹಳೇ ಸಿ ಪ್ರೋಗ್ರಾಂ, ವಿಂಡೋಸ್ ಯಂತ್ರ. ಹೋಗಿ ನೋಡಿದರೆ ಫೈಲ್ ಪೂರ್ತಿ ಇತ್ತು, ಓದುವ ಪ್ರೋಗ್ರಾಂ ಅರ್ಧಕ್ಕೇ ನಿಲ್ಲುತ್ತಿತ್ತು. ಮೈಕ್ರೋಸಾಫ್ಟ್‌ನ ಸಿ ಲೈಬ್ರರಿ ಟೆಕ್ಸ್ಟ್ ಮೋಡ್‌ನಲ್ಲಿ ಓದುವಾಗ 26 ಎಂಬ ಬೈಟ್ ಸಿಕ್ಕರೆ ಫೈಲ್ ಅಲ್ಲಿಗೆ ಮುಗಿಯಿತು ಎಂದು ತಿಳಿಯುತ್ತದೆ. ಇದು ಕಂಟ್ರೋಲ್ ಝಡ್, ಸಿಪಿ/ಎಂ ಕಾಲದಿಂದ ಉಳಿದುಬಂದ ಗುರುತು. ಮಧ್ಯಾಹ್ನ ಒಂದು ಟ್ರ್ಯಾಕ್ಟರ್ 8,730 ಕೆಜಿ ತೂಗಿತ್ತು: ಬೈಟ್‌ಗಳಲ್ಲಿ 26, 34, 0, 0. ಅದರ ನಂತರದ ಗಾಡಿಗಳೆಲ್ಲ ಫೈಲಿನಲ್ಲಿದ್ದರೂ ಪರದೆಗೆ ಬರಲಿಲ್ಲ. ಓದುವ ಸಾಲಿಗೆ ಒಂದು "ಬಿ" ಸೇರಿಸಿದ ಮೇಲೆ ಎಲ್ಲ ಗಾಡಿಗಳೂ ಕಂಡವು. ಬರೆಯುವ ಸಾಲಿನಲ್ಲಿ ಅದು ಮೊದಲೇ ಇತ್ತು.

ಇದನ್ನು ಅಪರೂಪದ ಕಾಕತಾಳೀಯ ಎಂದುಕೊಳ್ಳಬೇಡಿ. 6,656ರಿಂದ 6,911 ಕೆಜಿವರೆಗಿನ ಪ್ರತಿಯೊಂದು ತೂಕದ ಎರಡನೇ ಬೈಟ್ 26. ಲೋಡ್ ಆದ ಟ್ರ್ಯಾಕ್ಟರಿಗೆ ಇದು ಮಾಮೂಲಿ ತೂಕ. ಹಾಗೆಯೇ 2,560ರಿಂದ 2,815ರವರೆಗೆ ಎರಡನೇ ಬೈಟ್ 10. ಖಾಲಿ ಗಾಡಿಗಳು ಎಷ್ಟೋ ಇಲ್ಲೇ ಬರುತ್ತವೆ.

ಸಿ ಭಾಷೆಯಲ್ಲಿ ಮಾಡಬೇಕಾದದ್ದು

ತೂಕ, ಚಿತ್ರ, ಸಂಕುಚಿತ ಫೈಲ್, ಬೆರಳಚ್ಚು, ಸ್ಟ್ರಕ್ಟ್ ದಾಖಲೆ ಯಾವುದೇ ಇರಲಿ, ಎಫ್‌ರೈಟ್ ಅಥವಾ ಎಫ್‌ರೀಡ್ ಬಳಸುತ್ತಿದ್ದೀರಿ ಎಂದರೆ "ಬಿ" ಕಡ್ಡಾಯ. ಓದುವುದು ಬರೆಯುವುದು ಎರಡೂ ಬೇಕಿದ್ದರೆ "ಆರ್‌ಬಿ ಪ್ಲಸ್" ಎನ್ನಿ, "ಆರ್ ಪ್ಲಸ್ ಬಿ" ಎನ್ನಿ, ಎರಡೂ ಒಂದೇ. ಎಫ್‌ಪ್ರಿಂಟ್‌ಎಫ್‌ನಿಂದ ಸಾಲು ಸಾಲಾಗಿ ಬರೆದು ನೋಟ್‌ಪ್ಯಾಡಿನಲ್ಲಿ ತೆರೆಯುವ ಫೈಲಾದರೆ ಟೆಕ್ಸ್ಟ್ ಮೋಡ್ ಸರಿ.

ಫೈಲಿನೊಳಗೆ ಜಿಗಿಯುವ ಲೆಕ್ಕವನ್ನು, ಅಂದರೆ "ಐವತ್ತನೇ ದಾಖಲೆ ಬೇಕು, ದಾಖಲೆ ಗಾತ್ರದ 49 ಪಟ್ಟು ಮುಂದೆ ಹೋಗು" ಎನ್ನುವುದನ್ನು, ಬೈನರಿ ಮೋಡ್‌ನಲ್ಲಿ ಮಾತ್ರ ಮಾಡಿ. ಟೆಕ್ಸ್ಟ್ ಮೋಡ್‌ನಲ್ಲಿ ಎಫ್‌ಸೀಕ್‌ಗೆ ನಂಬಬಹುದಾದ ಸ್ಥಾನಗಳು ಫೈಲಿನ ಮೊದಲು, ಕೊನೆ, ಮತ್ತು ಹಿಂದೆ ಎಫ್‌ಟೆಲ್ ತಾನೇ ಕೊಟ್ಟ ಜಾಗ, ಇಷ್ಟೇ.

ಪ್ರೋಗ್ರಾಂ ಫೈಲಿಗೆ ಬರೆಯದೆ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆದು, ಅದನ್ನು ಇನ್ನೊಂದಕ್ಕೆ ತಿರುಗಿಸುವುದಾದರೆ, ವಿಂಡೋಸ್‌ನಲ್ಲಿ ಆ ಔಟ್‌ಪುಟ್ ಕೂಡ ಟೆಕ್ಸ್ಟ್ ಮೋಡ್‌ನಲ್ಲೇ ತೆರೆದಿರುತ್ತದೆ. ಮೊದಲ ಬೈಟ್ ಹೋಗುವ ಮುಂಚೆ ಸೆಟ್‌ಮೋಡ್ ಕರೆದು ಬೈನರಿಗೆ ಬದಲಿಸಿ.

ಹಾಳಾದ ಫೈಲು ಸಿಗುತ್ತದೆಯೇ

ಇದನ್ನು ಕೇಳುವವರು ಸಾಮಾನ್ಯವಾಗಿ ಗಾಬರಿಯಲ್ಲಿರುತ್ತಾರೆ. ಹಾಗಾಗಿ ಬಿಡಿಸಿ ಹೇಳುತ್ತೇನೆ. ಇಡೀ ಫೈಲನ್ನು ವಿಂಡೋಸ್‌ನಲ್ಲಿ ಟೆಕ್ಸ್ಟ್ ಮೋಡ್‌ನಲ್ಲಿ ಬರೆದಿದ್ದರೆ, ಅದು ಒಂದು ಬೈಟೂ ತಪ್ಪದಂತೆ ವಾಪಸ್ ಸಿಗುತ್ತದೆ. ಪ್ರತಿ 10ರ ಮುಂದೆ ತಪ್ಪದೇ ಒಂದು 13 ಸೇರಿದೆ ಎಂದು ಗೊತ್ತಿರುವುದರಿಂದ, ಪ್ರತಿ 10ರ ಮುಂದಿನ ಒಂದೇ ಒಂದು 13 ತೆಗೆದರಾಯಿತು. ಪೈಥಾನ್‌ನಲ್ಲಿ ಫೈಲನ್ನು "ಆರ್‌ಬಿ"ಯಲ್ಲಿ ಓದಿ, 13, 10 ಜೋಡಿ ಇರುವಲ್ಲೆಲ್ಲ ರಿಪ್ಲೇಸ್ ಮೂಲಕ 10 ಮಾತ್ರ ಇಟ್ಟು, ಬೇರೆ ಹೆಸರಿನ ಫೈಲಿಗೆ "ಡಬ್ಲ್ಯೂಬಿ"ಯಲ್ಲಿ ಬರೆಯಿರಿ. ಮೂಲವನ್ನು ಅಳಿಸಬೇಡಿ. ಫೈಲಿನಲ್ಲಿರುವ 13ಗಳನ್ನೆಲ್ಲ ಕಿತ್ತುಹಾಕುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ತೂಕದೊಳಗಿನ ನಿಜವಾದ 13 ಕೂಡ ಹೋಗುತ್ತದೆ.

ಉಲ್ಟಾ ದಾರಿಯಲ್ಲಿ ಕೆಟ್ಟಿದ್ದರೆ ಇಷ್ಟು ಸುಲಭವಿಲ್ಲ. ಸರಿಯಾಗಿದ್ದ ಬೈನರಿ ಫೈಲಿನಿಂದ ಯಾವುದೋ ಸಾಧನ 13, 10 ಜೋಡಿಗಳನ್ನು 10 ಮಾಡಿದ್ದರೆ, ಉಳಿದ 10ಗಳಲ್ಲಿ ಯಾವುದರ ಮುಂದೆ 13 ಇತ್ತು, ಯಾವುದರ ಮುಂದೆ ಇರಲಿಲ್ಲ ಎಂದು ಹೇಳುವ ಗುರುತು ಫೈಲಿನಲ್ಲಿ ಉಳಿದಿರುವುದಿಲ್ಲ. ಚೀಟಿಗಳನ್ನು ಎದುರಿಗೆ ಇಟ್ಟುಕೊಂಡು ಕೈಯಲ್ಲೇ ತುಂಬಬೇಕು. ಇದಕ್ಕೇ ನಾನು ಚೀಟಿಯ ಕಾರ್ಬನ್ ಪ್ರತಿಯನ್ನು ಸುಗ್ಗಿ ಮುಗಿಯುವವರೆಗಾದರೂ ಇಟ್ಟುಕೊಳ್ಳಿ ಎಂದು ಹೇಳುತ್ತಿರುತ್ತೇನೆ.

ಪೈಥಾನ್, ಸಿಎಸ್‌ವಿ, ಕನ್ನಡದ ಹೆಸರುಗಳು

ಪೈಥಾನ್ 3ರಲ್ಲಿ ಎರಡು ಮೋಡ್‌ಗಳ ನಡುವಿನ ಗೋಡೆ ಗಟ್ಟಿಯಾಗಿದೆ. "ಬಿ" ಇದ್ದರೆ ಬೈಟ್ಸ್ ಸಿಗುತ್ತದೆ, ಇಲ್ಲದಿದ್ದರೆ ಸ್ಟ್ರಿಂಗ್. ಟೆಕ್ಸ್ಟ್ ಮೋಡ್‌ನಲ್ಲಿ ತೆರೆದ ಫೈಲಿಗೆ ಬೈಟ್ಸ್ ಬರೆಯಲು ಹೋದರೆ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ. ಒಳ್ಳೆಯದೇ. 26 ಕಂಡರೆ ನಿಲ್ಲುವ ಚಾಳಿಯೂ ಇದಕ್ಕಿಲ್ಲ. ಟೆಕ್ಸ್ಟ್ ಮೋಡ್‌ನಲ್ಲಿ ಓದುವಾಗ, ಬೇರೇನೂ ಹೇಳದಿದ್ದರೆ, 10, 13, ಅಥವಾ ಜೋಡಿ ಮೂರನ್ನೂ ಸಾಲಿನ ಕೊನೆ ಎಂದೇ ತಿಳಿದು ಒಂದೇ ರೂಪಕ್ಕೆ ತರುತ್ತದೆ. ಬರೆಯುವಾಗ ಆ ಯಂತ್ರದ ರೂಢಿಯ ಸಾಲುಕೊನೆಯನ್ನು ಇಡುತ್ತದೆ.

ಇಷ್ಟೆಲ್ಲ ಇದ್ದೂ ಗುಮಾಸ್ತರಿಂದ ಮತ್ತೆ ಮತ್ತೆ ಬರುವ ದೂರು ಒಂದಿದೆ: "ಎಕ್ಸೆಲ್‌ನಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಖಾಲಿ ಬರ್ತೈತೆ." ಕಾರಣ ಪೈಥಾನ್‌ನ ಸಿಎಸ್‌ವಿ ಮಾಡ್ಯೂಲ್, ಅಂದರೆ ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಪಟ್ಟಿಯನ್ನು ಓದಿ ಬರೆಯುವ ಭಾಗ. ಅದರ ರೈಟರ್ ತಾನೇ ಸಾಲಿನ ಕೊನೆಗೆ 13, 10 ಇಡುತ್ತದೆ. ವಿಂಡೋಸ್‌ನ ಟೆಕ್ಸ್ಟ್ ಮೋಡ್ ಆ 10 ಅನ್ನು ನೋಡಿ ಇನ್ನೊಂದು 13 ಸೇರಿಸುತ್ತದೆ. ಫೈಲಿಗೆ ಹೋಗುವುದು 13, 13, 10. ಎಕ್ಸೆಲ್ ಅದನ್ನು ಎರಡು ಸಾಲುಕೊನೆ ಎಂದು ಓದುತ್ತದೆ. ಪರಿಹಾರ: ಓಪನ್ ಕರೆಯುವಾಗ ನ್ಯೂಲೈನ್ ಎಂಬ ಆರ್ಗ್ಯುಮೆಂಟಿಗೆ ಖಾಲಿ ಸ್ಟ್ರಿಂಗ್ ಕೊಡಿ. ಆಗ ಅನುವಾದ ನಿಲ್ಲುತ್ತದೆ, ಸಿಎಸ್‌ವಿ ಮಾಡ್ಯೂಲ್ ಇಟ್ಟದ್ದೇ ಉಳಿಯುತ್ತದೆ. ಓದುವಾಗಲೂ ಹಾಗೇ ಕೊಡಿ. ವಿಳಾಸದ ಕಾಲಂನಲ್ಲಿ ಯಾರಾದರೂ ಎಂಟರ್ ಒತ್ತಿದ್ದರೆ ಅದು ಹಾಗೇ ಬರುತ್ತದೆ. ಖಾಲಿ ಸಾಲುಗಳನ್ನು ಆಮೇಲೆ ಅಳಿಸುವ ಕೋಡ್ ಬರೆಯುವವರನ್ನು ನೋಡಿದ್ದೇನೆ. ಬೇಡ, ಬೇರಿನಲ್ಲೇ ಸರಿ ಮಾಡಿ.

ಪೈಥಾನ್‌ನ ಟೆಕ್ಸ್ಟ್ ಮೋಡ್ ಸಾಲುಕೊನೆಯ ಜೊತೆಗೆ ಅಕ್ಷರಗಳನ್ನೂ ಅನುವಾದಿಸುತ್ತದೆ. ನಮ್ಮಂಥವರು ಇಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ಚನ್ನಗಿರಿ, ಹೊನ್ನಾಳಿ, ಜಗಳೂರು ಕಡೆಯ ರೈತರ ಹೆಸರುಗಳು ಕನ್ನಡದಲ್ಲಿರುತ್ತವೆ. ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿಸುವ ಪದ್ಧತಿ, ಯಾವುದೆಂದು ಹೇಳದೆ ತೆರೆದರೆ ಹಲವು ವಿಂಡೋಸ್ ಯಂತ್ರಗಳಲ್ಲಿ ಪೈಥಾನ್ ಯಂತ್ರದ ಹಳೇ ಎನ್‌ಕೋಡಿಂಗನ್ನೇ ಹಿಡಿಯುತ್ತದೆ. ಹೆಸರುಗಳು ಗೀಚಿದಂತಾಗುತ್ತವೆ, ಇಲ್ಲವೇ ಎರರ್ ಬರುತ್ತದೆ. ಪ್ರತಿ ಬಾರಿಯೂ ಯುಟಿಎಫ್-8 ಎಂದು ಬರೆಯಿರಿ. ಆ ಸಿಎಸ್‌ವಿಯನ್ನು ಗುಮಾಸ್ತರು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯುವವರಾದರೆ "ಯುಟಿಎಫ್-8-ಸಿಗ್" ಎಂದು ಕೊಡಿ. ಫೈಲಿನ ತಲೆಗೆ ಮೂರು ಬೈಟ್ ಗುರುತು ಬೀಳುತ್ತದೆ, ಎಕ್ಸೆಲ್‌ಗೆ ಅಕ್ಷರ ಗೊತ್ತಾಗುತ್ತದೆ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್: ಮೊದಲನೆಯದು 224, ಎರಡನೆಯದು 178 ಅಥವಾ 179, ಮೂರನೆಯದು 128ರಿಂದ 191ರೊಳಗೆ. ಇವುಗಳಲ್ಲಿ 10, 13, 26 ಎಲ್ಲಿಯೂ ಬರುವುದಿಲ್ಲ. ಹಾಗಾಗಿ ಸಾಲುಕೊನೆ ಎಷ್ಟು ಬಾರಿ ಬದಲಾದರೂ ಅಕ್ಷರಗಳಿಗೆ ಏಟು ಬೀಳುವುದಿಲ್ಲ. ಯುಟಿಎಫ್-16ರಲ್ಲಿ ಆ ರಕ್ಷಣೆ ಇಲ್ಲ. ಎಕ್ಸೆಲ್‌ನಿಂದ "ಯೂನಿಕೋಡ್ ಟೆಕ್ಸ್ಟ್" ಎಂದು ಉಳಿಸಿದರೆ ಬರುವುದು ಈ ಬಗೆ. ಅಲ್ಲಿ ಪ್ರತಿ ಸಂಕೇತಕ್ಕೆ ಎರಡು ಬೈಟ್, ಸಾಲುಕೊನೆ 13, 0, 10, 0. ಬೈಟ್ ಮಟ್ಟದಲ್ಲಿ ಯಾರಾದರೂ ಒಂದು 13 ತುರುಕಿದರೆ ಮುಂದಿನ ಜೋಡಿಗಳೆಲ್ಲ ಒಂದು ಬೈಟ್ ಸರಿಯುತ್ತವೆ. ಕನ್ನಡದ "ಕ" ಹದಿನಾರರ ಅಂಕಿಯಲ್ಲಿ 0ಸಿ95. ಜೋಡಿ ಸರಿದು 950ಸಿ ಆದರೆ ಅದು ಚೀನೀ ಅಕ್ಷರಗಳ ಸಾಲಿಗೆ ಹೋಗುತ್ತದೆ. ಮೊದಲ ಸಾಲು ಚೆನ್ನಾಗಿ ಕಂಡು ಎರಡನೆಯದರಿಂದ ಚೀನೀ ಲಿಪಿಯಂಥದ್ದು ಕಂಡರೆ ವೈರಸ್ ಹುಡುಕಬೇಡಿ, ಸಾಲುಕೊನೆ ನೋಡಿ.

ತೂಕದ ಯಂತ್ರದ ತಂತಿ

ವೇಬ್ರಿಡ್ಜ್‌ನ ತೂಕ ತೋರಿಸುವ ಇಂಡಿಕೇಟರ್‌ನಿಂದ ಸೀರಿಯಲ್ ತಂತಿಯಲ್ಲಿ ಬರುವ ತೂಕಕ್ಕೂ ಇದೇ ಪ್ರಶ್ನೆ. ಕೆಲವು ಮಾದರಿಗಳು ತೂಕದ ಅಂಕಿಗಳ ನಂತರ 13, 10 ಕಳಿಸುತ್ತವೆ, ಕೆಲವು ಬರೀ 13. ಪೈಥಾನ್‌ನಲ್ಲಿ ಆ ತಂತಿ ಓದುವ ಪೈಸೀರಿಯಲ್ ಲೈಬ್ರರಿಯ ರೀಡ್‌ಲೈನ್ ಕಾಯುವುದು 10ಕ್ಕೆ. ಬರೀ 13 ಕಳಿಸುವ ಇಂಡಿಕೇಟರ್ ಎದುರು ಅದು ಟೈಮ್‌ಔಟ್‌ವರೆಗೆ ಸುಮ್ಮನೆ ಕೂರುತ್ತದೆ, ಆಪರೇಟರ್ ತಂತಿ ಸಡಿಲ ಎಂದು ತಿರುವುತ್ತಿರುತ್ತಾನೆ. ಅಂಥಲ್ಲಿ ರೀಡ್ ಅಂಡರ್‌ಸ್ಕೋರ್ ಅನ್‌ಟಿಲ್‌ಗೆ 13 ಕೊಡಿ. ಬಂದದ್ದನ್ನು ಮೊದಲು ಕಚ್ಚಾ ಬೈಟ್‌ಗಳಾಗಿಯೇ ಬೈನರಿ ಫೈಲಿಗೆ ಹಿಡಿದಿಟ್ಟು ನೋಡುವುದು ನನ್ನ ಪದ್ಧತಿ.

ನೋಡಲು ಲಿನಕ್ಸ್‌ನಲ್ಲಿ ಓಡಿ ಹೈಫನ್ ಸಿ, ಪವರ್‌ಶೆಲ್‌ನಲ್ಲಿ ಫಾರ್ಮ್ಯಾಟ್-ಹೆಕ್ಸ್ ಇದೆ. ಟೆಕ್ಸ್ಟ್ ಫೈಲಾದರೆ ವಿಎಸ್ ಕೋಡ್‌ನ ಕೆಳಪಟ್ಟಿಯಲ್ಲಿ ಸಿಆರ್‌ಎಲ್‌ಎಫ್ (13, 10 ಜೋಡಿ) ಅಥವಾ ಎಲ್‌ಎಫ್ (ಬರೀ 10) ಎಂದು ಕಾಣುತ್ತದೆ, ಅದನ್ನೇ ಒತ್ತಿ ಬದಲಿಸಬಹುದು. ನೋಟ್‌ಪ್ಯಾಡ್ 2018ರವರೆಗೆ ಬರೀ 10 ಇರುವ ಫೈಲನ್ನು ಒಂದೇ ಉದ್ದ ಸಾಲಾಗಿ ತೋರಿಸುತ್ತಿತ್ತು. ಈಗ ಸರಿಯಾಗಿ ತೋರಿಸುತ್ತದೆ, ಆದ್ದರಿಂದ ನೋಟ್‌ಪ್ಯಾಡಿನಲ್ಲಿ ಚೆನ್ನಾಗಿ ಕಂಡಿತೆಂದು ವಿಂಡೋಸ್ ಸಾಲುಕೊನೆಯೇ ಇದೆ ಎಂದುಕೊಳ್ಳುವಂತಿಲ್ಲ.

ದಾರಿಯಲ್ಲಿ ಕೆಡುವುದು

ಪ್ರೋಗ್ರಾಂ ಸರಿ ಇದ್ದರೂ ಸಾಗಿಸುವವರು ಕೆಡಿಸಬಹುದು. ಯಂತ್ರದಿಂದ ಯಂತ್ರಕ್ಕೆ ಫೈಲ್ ಸಾಗಿಸುವ ಎಫ್‌ಟಿಪಿಗೆ ಆಸ್ಕಿ ಮೋಡ್ ಇದೆ, ಅದು ಸಾಲುಕೊನೆ ಬದಲಿಸುತ್ತದೆ. ತೂಕದ ಫೈಲ್ ಕಳಿಸುವ ಮುಂಚೆ ಬೈನರಿ ಎಂಬ ಆಜ್ಞೆ ಕೊಡಿ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಸುವವರು ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ತೂಕದ ಫೈಲುಗಳ ವಿಸ್ತರಣೆಯನ್ನು ಬೈನರಿ ಎಂದು, ಶೆಲ್ ಸ್ಕ್ರಿಪ್ಟ್‌ಗಳನ್ನು ಎಲ್‌ಎಫ್ ಎಂದು, ಬ್ಯಾಚ್ ಫೈಲುಗಳನ್ನು ಸಿಆರ್‌ಎಲ್‌ಎಫ್ ಎಂದು ಬರೆದಿಡಿ. ಊಹೆ ಮಾಡುವ ಕೆಲಸ ಗಿಟ್‌ಗೆ ಬಿಡಬೇಡಿ. ಸರ್ವರ್‌ನಲ್ಲಿ "ಬ್ಯಾಡ್ ಇಂಟರ್‌ಪ್ರಿಟರ್" ಎಂದು ಬಂದು ಬ್ಯಾಷ್ ಹೆಸರಿನ ಬಾಲಕ್ಕೆ ಟೊಪ್ಪಿಯ ಗುರುತು (^), ಎಂ ಅಕ್ಷರ ಕಂಡರೆ, ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ 13 ಉಳಿದಿದೆ ಎಂದರ್ಥ.

ದಾರಿಯಲ್ಲಿ ಕೆಟ್ಟದ್ದು ತಕ್ಷಣ ಗೊತ್ತಾಗಲು ಪಿಎನ್‌ಜಿ ಚಿತ್ರದ ವಿನ್ಯಾಸಕಾರರು ಒಂದು ಉಪಾಯ ಮಾಡಿದ್ದಾರೆ, ನನಗೆ ಅದು ಬಹಳ ಇಷ್ಟ. ಪ್ರತಿ ಪಿಎನ್‌ಜಿ ಫೈಲಿನ ಮೊದಲ ಎಂಟು ಬೈಟ್ ಹೀಗಿರುತ್ತವೆ: 137, 80, 78, 71, 13, 10, 26, 10. ನಡುವಿನ 80, 78, 71 ಪಿ, ಎನ್, ಜಿ. ಎಂಟನೇ ಬಿಟ್ ಕತ್ತರಿಸುವ ದಾರಿಯಲ್ಲಿ ಹೋದರೆ 137 ಹೋಗಿ 9 ಆಗುತ್ತದೆ. ಜೋಡಿಯನ್ನು ಒಂಟಿ ಮಾಡುವವರು ಸಿಕ್ಕರೆ ಐದನೇ ಸ್ಥಾನದ 13 ಮಾಯ. ಒಂಟಿಯನ್ನು ಜೋಡಿ ಮಾಡುವವರು ಸಿಕ್ಕರೆ ಕೊನೆಯ 10ರ ಮುಂದೆ 13 ಬಂದು ಕೂರುತ್ತದೆ. ನಡುವಿನ 26, ಡಾಸ್‌ನಲ್ಲಿ ಟೈಪ್ ಆಜ್ಞೆ ಕೊಟ್ಟವರ ಪರದೆಗೆ ಚಿತ್ರದ ಕಸವೆಲ್ಲ ಸುರಿಯದಂತೆ ಅಲ್ಲೇ ತಡೆಯುತ್ತದೆ. ಎಂಟು ಬೈಟ್ ಹೋಲಿಸಿದರೆ ಏನು ಕೆಟ್ಟಿದೆ ಎಂಬುದರ ಜೊತೆಗೆ ಹೇಗೆ ಕೆಟ್ಟಿತು ಎಂಬುದೂ ತಿಳಿಯುತ್ತದೆ.

ನಾನು ಬರೆಯುವ ತೂಕದ ಫೈಲುಗಳ ತಲೆಗೂ ಇದೇ ಜಾಡಿನ ಎಂಟು ಬೈಟ್ ಇಡುತ್ತೇನೆ, ಮೂರು ಅಕ್ಷರ ಮಾತ್ರ ನನ್ನವು. ಓದುವ ಪ್ರೋಗ್ರಾಂ ಮೊದಲು ಅದನ್ನು ನೋಡುತ್ತದೆ. ಹೊಂದದಿದ್ದರೆ ಒಂದು ತೂಕವನ್ನೂ ತೋರಿಸದೆ, "ಫೈಲ್ ಸಾಗಿಸುವಾಗ ಕೆಟ್ಟಿದೆ, ಮತ್ತೆ ಕಳಿಸಿ" ಎಂದು ಕನ್ನಡದಲ್ಲಿ ಹೇಳಿ ನಿಲ್ಲುತ್ತದೆ. ತಪ್ಪು ತೂಕ ತೋರಿಸುವುದಕ್ಕಿಂತ ತೋರಿಸದಿರುವುದು ಮೇಲು.

ಹೊಸ ಪ್ರೋಗ್ರಾಂ ಅಂಗಡಿಗೆ ಕೊಡುವ ಮುಂಚೆ, ತಲೆಬೈಟ್‌ಗಳನ್ನು ಬಿಟ್ಟು, ಈ ಐದು ತೂಕಗಳನ್ನು ಇದೇ ಕ್ರಮದಲ್ಲಿ ಬರೆಸಿ: 10,250, 2,560, 8,730, 6,700, 2,573. ಫೈಲಿನ ಗಾತ್ರ ಸರಿಯಾಗಿ 20 ಬೈಟ್ ಇರಬೇಕು. ವಿಂಡೋಸ್‌ನಲ್ಲಿ 23 ಬಂದರೆ ಬರೆಯುವ ಸಾಲಿನಲ್ಲಿ "ಬಿ" ಇಲ್ಲ. 20 ಇದ್ದು, ವಿಂಡೋಸ್‌ನ ಸಿ ಪ್ರೋಗ್ರಾಂ ಓದುವಾಗ ಎರಡೇ ತೂಕ ಕೊಟ್ಟು ನಿಂತರೆ ಓದುವ ಸಾಲಿನಲ್ಲಿ "ಬಿ" ಇಲ್ಲ. ಅದೇ ಫೈಲನ್ನು ಲಿನಕ್ಸ್ ಯಂತ್ರಕ್ಕೆ ಒಯ್ದು ಅಲ್ಲಿಯೂ ಐದೂ ತೂಕ ಬರುತ್ತವೆಯೇ ನೋಡಿ, ಆಮೇಲೆ ಗಾಡಿ ಹತ್ತಿಸಿ.